ಕಾಟಾ ಚೀಟಿಯಿಂದ ಬಿಲ್ಲಿಗೆ: ಒಂದು ನಲ್ ದೋಷದ ಬೆನ್ನು ಹತ್ತಿದ ಐದು ದಿನ

ಗಂಗಾವತಿಯ ಒಂದು ರೈಸ್ ಮಿಲ್ಲಿಗೆ ನಾನು ಬರೆದುಕೊಟ್ಟ ಸಾಫ್ಟ್‌ವೇರ್ ಇದೆ. ಭತ್ತ ತುಂಬಿದ ಟ್ರ್ಯಾಕ್ಟರ್ ಕಾಟಾ ಹತ್ತುತ್ತದೆ, ಲೋಡ್ ತೂಕ ಬರುತ್ತದೆ. ಹಮಾಲರು ಇಳಿಸಿದ ಮೇಲೆ ಅದೇ ಗಾಡಿ ಖಾಲಿಯಾಗಿ ಮತ್ತೆ ಹತ್ತುತ್ತದೆ. ಎರಡು ತೂಕದ ನಡುವಿನ ವ್ಯತ್ಯಾಸವೇ ರೈತನ ಭತ್ತ. ನಮ್ಮ ಕಡೆ ಇದನ್ನು 75 ಕೆಜಿ ಚೀಲದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಹಾಗಾಗಿ ಕಿಲೋದಿಂದ ಚೀಲಕ್ಕೆ, ಚೀಲದಿಂದ ರೂಪಾಯಿಗೆ ಲೆಕ್ಕ ಹೋಗಬೇಕು.

ಒಳಗೆ ಇರೋದು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 8ರ ವೆಬ್ ಎಪಿಐ, ಅಂದರೆ ಪರದೆಗಳು ಕಳಿಸುವ ಕೋರಿಕೆಗೆ ಉತ್ತರ ಕೊಡುವ ಸರ್ವರ್ ಪ್ರೋಗ್ರಾಂ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಮುಖ್ಯವಾಗಿ ಎರಡು ಕಂಟ್ರೋಲರ್, ಅಂದರೆ ಬಂದ ಕೋರಿಕೆಯನ್ನು ಹಿಡಿದು ಕೆಲಸ ಮಾಡುವ ಕೋಡಿನ ಭಾಗ. ಒಂದು ತೂಕದ್ದು, ಕಾಟಾ ರೂಮಿನ ಪರದೆ ಅದರ ಜೊತೆ ಮಾತಾಡುತ್ತದೆ. ಇನ್ನೊಂದು ಬಿಲ್ಲಿನದು, ಗುಮಾಸ್ತರ ಟೇಬಲ್ ಮೇಲಿನ ಕಂಪ್ಯೂಟರ್ ಅದನ್ನು ಬಳಸುತ್ತದೆ. ಗುಮಾಸ್ತರು ಚೀಟಿ ನಂಬರ್ ಹಾಕಿ ಬಟನ್ ಒತ್ತಿದರೆ ಬಿಲ್ ಆಗುತ್ತಿತ್ತು. ಹೋದ ಸುಗ್ಗಿಯೆಲ್ಲ ಹಾಗೇ ನಡೆಯಿತು.

ಈ ಸಲ ನವೆಂಬರ್ ಕೊನೆಗೆ ಕಟಾವು ಜೋರಾದಾಗ ಸಾಹುಕಾರರು ಒಂದು ಮಾತು ಕೇಳಿದರು. ಖಾಲಿ ತೂಕ ಆದ ಕೂಡಲೇ ಬಿಲ್ ತಾನೇ ಆಗಬೇಕು, ರೈತರು ಎರಡು ಕಡೆ ಸಾಲಲ್ಲಿ ನಿಲ್ಲಬಾರದು. ನ್ಯಾಯವಾದ ಮಾತು. ಬಿಲ್ ಮಾಡುವ ಕೋಡ್ ಬಿಲ್ ಕಂಟ್ರೋಲರ್‌ನಲ್ಲಿ ಆಗಲೇ ಇದೆ, ತೂಕದ ಕಂಟ್ರೋಲರ್‌ನಿಂದ ಅದನ್ನು ಕರೆದರೆ ಮುಗಿಯಿತು ಅಂದುಕೊಂಡೆ. ಖಾಲಿ ತೂಕ ಉಳಿಸುವ ಮೆಥಡ್‌ನ (ಒಂದು ಕೆಲಸ ಮಾಡುವ ಕೋಡ್ ತುಂಡಿನ) ಕೊನೆಗೆ ಎರಡು ಸಾಲು ಸೇರಿಸಿದೆ. ನ್ಯೂ ಅನ್ನುವ ಪದ ಹಾಕಿ ಬಿಲ್ ಕಂಟ್ರೋಲರ್‌ನ ಒಂದು ವಸ್ತು (ಆಬ್ಜೆಕ್ಟ್) ಮಾಡಿದೆ, ಡೇಟಾಬೇಸ್ ಜೊತೆ ಮಾತಾಡುವ ಡೇಟಾಬೇಸ್ ಕಾಂಟೆಕ್ಸ್ಟ್ ಅದರ ಕೈಗೆ ಕೊಟ್ಟೆ, ಬಿಲ್ ಮಾಡುವ ಮೆಥಡ್ ಕರೆದೆ. ಬಿಲ್ಡ್ ಆಯಿತು. ಒಂದು ಎಚ್ಚರಿಕೆಯೂ ಬರಲಿಲ್ಲ.

ಬುಧವಾರ

ಸಂಜೆ 6.40ಕ್ಕೆ ಕಾಟಾ ರೂಮಿನ ಹುಡುಗನ ಫೋನ್. "ಸರ, ಖಾಲಿ ತೂಕ ಹೊಡದ್ರ ಕೆಂಪಂದು ಬರಾಕತ್ತೈತ್ರಿ. ಹೊರಗ ಒಂಬತ್ತು ಗಾಡಿ ನಿಂತಾವು."

ಮನೆಯಿಂದಲೇ ಮಿಲ್ಲಿನ ಸರ್ವರ್ ಹತ್ತಿ ಲಾಗ್ ತೆರೆದೆ. ಡಾಟ್‌ನೆಟ್ ಬರೆಯುವವರೆಲ್ಲ ಕಂಡಿರುವ ಸಾಲೇ ಇತ್ತು: ಆಬ್ಜೆಕ್ಟ್ ರೆಫರೆನ್ಸ್ ನಾಟ್ ಸೆಟ್ ಟು ಆ್ಯನ್ ಇನ್‌ಸ್ಟನ್ಸ್ ಆಫ್ ಆ್ಯನ್ ಆಬ್ಜೆಕ್ಟ್. ವಸ್ತು ಇರಬೇಕಾದ ಜಾಗದಲ್ಲಿ ವಸ್ತುವೇ ಇಲ್ಲ (ಇದಕ್ಕೇ ನಲ್ ಅನ್ನುವುದು), ಆದರೂ ನೀನು ಅದರ ಒಳಗಿನದ್ದನ್ನು ಕೇಳಿದೆ ಅಂತ ಅರ್ಥ. ಯಾವ ವಸ್ತು ಅನ್ನೋದನ್ನು ಮಾತ್ರ ಲಾಗ್ ಹೇಳುವುದಿಲ್ಲ. ಕೆಳಗಿನ ಸ್ಟ್ಯಾಕ್ ಟ್ರೇಸ್‌ನಲ್ಲಿ, ಅಂದರೆ ಯಾವ ಕೋಡ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿಯಲ್ಲಿ, ಬಿಲ್ ಕಂಟ್ರೋಲರ್, 88ನೇ ಸಾಲು ಅಂತ ಇತ್ತು. ಬಿಲ್ಡ್ ಜೊತೆ ಪಿಡಿಬಿ ಫೈಲನ್ನೂ ಸರ್ವರ್‌ಗೆ ಹಾಕುವ ರೂಢಿ ಇದ್ದದ್ದಕ್ಕೆ ಸಾಲಿನ ನಂಬರ್ ಆದರೂ ಸಿಕ್ಕಿತು. ಜಾಗ ಉಳಿಸಲು ಅದನ್ನು ಅಳಿಸುವವರಿದ್ದಾರೆ. ದಯವಿಟ್ಟು ಅಳಿಸಬೇಡಿ.

88ನೇ ಸಾಲು ಉದ್ದ ಇತ್ತು. ಲಾಗಿನ್ ಆದ ಬಳಕೆದಾರನಿಂದ ಗೋದಾಮಿನ ನಂಬರ್, ಚೀಟಿಯಿಂದ ರೈತ, ರೈತನಿಂದ ಊರು, ಊರಿನಿಂದ ಹಮಾಲಿ ದರ, ಎಲ್ಲವೂ ಒಂದೇ ಸಾಲಿನಲ್ಲಿ ಚುಕ್ಕೆ ಮೇಲೆ ಚುಕ್ಕೆ. ಕೋಡ್‌ನಲ್ಲಿ ಚುಕ್ಕೆ ಅಂದರೆ ಎಡಗಡೆಯ ವಸ್ತುವಿನ ಒಳಗಿನದ್ದನ್ನು ಕೇಳುವುದು. ಎಣಿಸಿದರೆ ಏಳು ಚುಕ್ಕೆ. ಅಂದರೆ ತಪ್ಪಿರಬಹುದಾದ ಜಾಗ ಏಳು.

ನನ್ನ ಅನುಮಾನ ಮೊದಲು ಹೋಗಿದ್ದು ಡೇಟಾ ಮೇಲೆ. ಯಾವುದೋ ರೈತನ ಊರು ತುಂಬಿಲ್ಲ, ಅದಕ್ಕೇ ನಲ್ ಬರ್ತಿದೆ ಅಂದುಕೊಂಡೆ. ಡೇಟಾಬೇಸ್ ನೋಡಿದರೆ ಆ ಚೀಟಿಯ ರೈತ ಇದ್ದಾನೆ, ಊರು ಇದೆ, ದರವೂ ಇದೆ. ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಆಮೇಲೆ ಗುಮಾಸ್ತರಿಗೆ ಫೋನ್ ಮಾಡಿ, ಅದೇ ಚೀಟಿ ನಂಬರನ್ನು ನಿಮ್ಮ ಪರದೆಯಲ್ಲಿ ಹಾಕಿ ನೋಡ್ರಿ ಅಂದೆ. ಹಾಕಿದರು. ಬಿಲ್ ಸಲೀಸಾಗಿ ಆಯಿತು.

ಇದನ್ನು ಮೊದಲೇ ಮಾಡಿಸಬೇಕಿತ್ತು. ಅದೇ ಚೀಟಿ, ಅದೇ ರೈತ, ಅದೇ ಮೆಥಡ್. ಗುಮಾಸ್ತರ ಬಾಗಿಲಿಂದ ಬಂದರೆ ಸರಿ ಹೋಗುತ್ತದೆ, ಕಾಟಾ ಬಾಗಿಲಿಂದ ಬಂದರೆ ಬೀಳುತ್ತದೆ. ಹಾಗಾದರೆ ಡೇಟಾದಲ್ಲಿ ತಪ್ಪಿಲ್ಲ, ಕರೆಯುವ ದಾರಿಯಲ್ಲಿ ತಪ್ಪಿದೆ. ನಲ್ ದೋಷ ಬಂದಾಗ ಕೋಡ್ ಓದುವ ಮುಂಚೆ ಇಂಥ ಒಂದು ಜೋಡಿಯನ್ನು ಹುಡುಕಿ: ಸರಿಯಾಗಿ ಓಡುವ ಒಂದು ಕರೆ, ಬೀಳುವ ಒಂದು ಕರೆ, ನಡುವೆ ಒಂದೇ ಒಂದು ವ್ಯತ್ಯಾಸ.

ಆದರೆ ಹೊರಗೆ ಒಂಬತ್ತು ಗಾಡಿ ನಿಂತಿದ್ದವು. ಆ ಅವಸರದಲ್ಲಿ ನಾನು ಮಾಡಬಾರದ ಕೆಲಸ ಮಾಡಿದೆ. ಚುಕ್ಕೆಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಎಡಗಡೆಯದು ನಲ್ ಇದ್ದರೆ ಬೀಳಬೇಡ, ಸುಮ್ನೆ ನಲ್ ಕೊಡು ಅಂತ ಹೇಳುವ ಚಿಹ್ನೆ ಅದು. ಕೊನೆಗೆ ಎರಡು ಪ್ರಶ್ನಾರ್ಥಕ ಹಾಕಿ, ಏನೂ ಸಿಗದಿದ್ದರೆ ಸೊನ್ನೆ ತಗೋ ಅಂದೆ. ಸರ್ವರ್‌ಗೆ ಹಾಕಿದೆ. ಕೆಂಪು ಹೋಯಿತು. ಗಾಡಿಗಳು ಹೋದವು. ನಾನೂ ಮಲಗಿದೆ.

ಗುರುವಾರ

ಬೆಳಿಗ್ಗೆ ಹತ್ತಕ್ಕೆ ಮಿಲ್ಲಿಗೆ ಹೋದಾಗ ಗುಮಾಸ್ತರ ಟೇಬಲ್ ಸುತ್ತ ಏಳೆಂಟು ಜನ ನಿಂತಿದ್ದರು. ಒಬ್ಬ ಹಿರಿಯರ ಕೈಯಲ್ಲಿ ಕಾಟಾ ಚೀಟಿ, ಬೆವರಿಗೆ ಒಂದು ಮೂಲೆ ಮೆತ್ತಗಾಗಿತ್ತು. ಲೋಡ್ 11,260. ಖಾಲಿ 4,420. ನಿವ್ವಳ 6,840. ಚೀಟಿಯಲ್ಲಿ ಎಲ್ಲ ಸ್ಪಷ್ಟವಾಗಿದೆ. ಗುಮಾಸ್ತರ ದಿನದ ಪಟ್ಟಿಯಲ್ಲಿ ಮಾತ್ರ ಅವರ ಬಿಲ್ಲೇ ಇಲ್ಲ.

"ಯಪ್ಪಾ, ಇಳಿಸಿದ್ದು ನಿಮ್ಮ ಹಮಾಲ್ರ ಅಲ್ಲೇನು. ನನ್ನ ನೆಲ್ಲು ಎಲ್ಲಿ ಹೋತು?" ಅಂತ ಅವರು ಕೇಳಿದರು. ಜೋರು ಮಾಡಲಿಲ್ಲ, ಮೆಲ್ಲಗೇ ಕೇಳಿದರು.

ಡೇಟಾಬೇಸ್‌ನಲ್ಲಿ ಹುಡುಕಿದೆ. ಬಿಲ್ ಇತ್ತು. ಆದರೆ ಗೋದಾಮು ಸೊನ್ನೆ. ಬಿಲ್ ಮಾಡಿದವರ ಹೆಸರು ಖಾಲಿ. ಮಿಲ್ಲಿಗೆ ಎರಡು ಗೋದಾಮಿವೆ, ಒಂದು ಮಿಲ್ಲಿನ ಆವರಣದಲ್ಲಿ, ಇನ್ನೊಂದು ಕಾರಟಗಿ ರಸ್ತೆಯಲ್ಲಿ. ನಂಬರ್ ಒಂದು ಮತ್ತು ಎರಡು. ಸೊನ್ನೆ ಅನ್ನುವ ಗೋದಾಮೇ ಇಲ್ಲ. ದಿನದ ಪಟ್ಟಿ ಗೋದಾಮಿನ ಪ್ರಕಾರ ಬರುತ್ತದೆ, ಹಾಗಾಗಿ ಈ ಬಿಲ್ಲುಗಳು ಯಾರ ಪಟ್ಟಿಗೂ ಬರಲಿಲ್ಲ. ರಾತ್ರಿಯಿಂದ ಹಾಗೆ ಆದವು ಒಟ್ಟು ಹದಿನಾಲ್ಕು.

ಕೆಂಪು ಪರದೆ ಇದ್ದಾಗ ಕೆಲಸ ನಿಂತಿತ್ತು, ಎಲ್ಲರಿಗೂ ಗೊತ್ತಿತ್ತು. ನಾನು ಪ್ರಶ್ನಾರ್ಥಕ ಹಾಕಿದ ಮೇಲೆ ಕೆಲಸ ತಪ್ಪಾಗಿ ನಡೆಯಿತು, ಯಾರಿಗೂ ಗೊತ್ತಾಗಲಿಲ್ಲ. ಹದಿನಾಲ್ಕು ಮನೆಯ ಆರು ತಿಂಗಳ ದುಡಿಮೆ ಒಂದು ಸೊನ್ನೆಯ ಹಿಂದೆ ಮರೆಯಾಗಿ ಕೂತಿತ್ತು. ಆ ಚಿಹ್ನೆ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಇಲ್ಲದಿದ್ದರೂ ನಡೆಯುವಂಥದ್ದಕ್ಕೆ, ಉದಾಹರಣೆಗೆ ರೈತರ ಎರಡನೇ ಮೊಬೈಲ್ ನಂಬರಿಗೆ, ಅದು ಸರಿ. ಇರಲೇಬೇಕಾದ್ದಕ್ಕೆ ಹಾಕಬಾರದು.

ಗುಮಾಸ್ತರು ಹಳೆಯ ಕಾಲದವರು. "ಇರ್ಲಿ ಬಿಡ್ರಿ, ಕಚ್ಚಾ ಪುಸ್ತಕದಾಗ ಬರಕೊಂತೀನಿ" ಅಂತ ಹದಿನಾಲ್ಕೂ ಚೀಟಿಯನ್ನು ಕೈಯಲ್ಲೇ ಬರೆದುಕೊಂಡರು. 6,840ನ್ನು 75ರಿಂದ ಭಾಗಿಸಿ, 91 ಚೀಲ, ಮೇಲೆ 15 ಕಿಲೋ ಅಂತ ಬಾಯಲ್ಲೇ ಹೇಳಿದರು. ನಾನು ತಾನೇ ಬಿಲ್ ಆಗುವುದನ್ನು ಬಂದ್ ಮಾಡಿ, ಹಳೆಯ ಬಟನ್‌ಗೇ ವಾಪಸ್ ಹಾಕಿದೆ. ಆಮೇಲೆ ಮನೆಗೆ ಬಂದು ಸರಿಯಾಗಿ ಕೂತೆ.

ಮೊದಲು ಆ 88ನೇ ಸಾಲನ್ನು ಒಡೆದೆ. ಪ್ರಶ್ನಾರ್ಥಕ ತೆಗೆದು, ಒಂದು ಸಾಲಿಗೆ ಒಂದೇ ಹೆಜ್ಜೆ, ಪ್ರತಿಯೊಂದಕ್ಕೂ ಒಂದು ಹೆಸರು. ವಿಶುವಲ್ ಸ್ಟುಡಿಯೋದಲ್ಲಿ ಡೀಬಗರ್ ಹಚ್ಚಿ ಓಡಿಸಿದೆ. ಲಾಗ್ ಹೇಳದ್ದನ್ನು ಡೀಬಗರ್ ಹೇಳುತ್ತದೆ. ಎಕ್ಸೆಪ್ಶನ್ ಬಿದ್ದ ಕಡೆ ಬರುವ ಸಣ್ಣ ಪೆಟ್ಟಿಗೆಯಲ್ಲಿ ಯಾವುದು ನಲ್ ಅಂತ ಹೆಸರು ಸಮೇತ ಇರುತ್ತದೆ. ನಲ್ ಆಗಿದ್ದದ್ದು ಯೂಸರ್. ಆಮೇಲೆ ವಾಚ್ ಕಿಟಕಿಯಲ್ಲಿ, ಬಂದ ಕೋರಿಕೆಯ ವಿವರವೆಲ್ಲ ಇರುವ ಎಚ್‌ಟಿಟಿಪಿ ಕಾಂಟೆಕ್ಸ್ಟ್ ನೋಡಿದೆ, ಅದೂ ನಲ್. ರಿಕ್ವೆಸ್ಟ್ ನಲ್, ರೆಸ್ಪಾನ್ಸ್ ನಲ್, ಯುಆರ್‌ಎಲ್ ಸಹಾಯಕವೂ ನಲ್. ಕರೆದ ತೂಕದ ಕಂಟ್ರೋಲರ್‌ನಲ್ಲಿ ಇವೆಲ್ಲ ತುಂಬಿವೆ. ಕರೆಸಿಕೊಂಡದ್ದರಲ್ಲಿ ಒಂದೂ ಇಲ್ಲ.

ಕಾರಣ ಇದು. ಹೊರಗಿನಿಂದ ಒಂದು ಕೋರಿಕೆ ಬಂದಾಗ ಫ್ರೇಮ್‌ವರ್ಕ್ (ಡಾಟ್‌ನೆಟ್ ಜೊತೆ ಬರುವ ಎಎಸ್‌ಪಿ ಡಾಟ್‌ನೆಟ್ ಕೋರ್) ಸಾಲಾಗಿ ಬಹಳ ಕೆಲಸ ಮಾಡುತ್ತದೆ. ದಾರಿ ನೋಡಿ ಯಾವ ಕಂಟ್ರೋಲರ್ ಅಂತ ಹುಡುಕುತ್ತದೆ, ಲಾಗಿನ್ ಯಾರದ್ದು ಅಂತ ನೋಡುತ್ತದೆ, ಅನುಮತಿ ಇದೆಯಾ ಅಂತ ನೋಡುತ್ತದೆ. ಕಂಟ್ರೋಲರ್‌ನ ವಸ್ತು ಮಾಡಿ, ಅದಕ್ಕೆ ಕಂಟ್ರೋಲರ್ ಕಾಂಟೆಕ್ಸ್ಟ್ ಅನ್ನುವುದನ್ನು ಕಟ್ಟುತ್ತದೆ. ಜೇಸನ್ ಅನ್ನುವ ಪಠ್ಯ ರೂಪದಲ್ಲಿ ಬಂದ ಡೇಟಾವನ್ನು ನಮ್ಮ ಕ್ಲಾಸ್‌ಗೆ ತುಂಬಿ, ನಿಯಮ ಪರೀಕ್ಷಿಸಿ, ಕೊನೆಗೆ ನಮ್ಮ ಮೆಥಡ್ ಕರೆಯುತ್ತದೆ. ಯೂಸರ್, ರಿಕ್ವೆಸ್ಟ್ ಎಲ್ಲವೂ ಆ ಕಾಂಟೆಕ್ಸ್ಟ್‌ನಿಂದ ಹರಿದು ಬರುವಂಥವು. ನಾನು ನ್ಯೂ ಹಾಕಿದಾಗ ಆ ಸಾಲಿನಲ್ಲಿ ಒಂದೂ ನಡೆಯಲಿಲ್ಲ. ಎಡದಂಡೆ ಕಾಲುವೆಗೆ ಸೇರಿಸದೆ ಹೊಲದಲ್ಲಿ ಹೊಸ ತೂಬು ಕಟ್ಟಿದ ಹಾಗೆ. ತೂಬು ಸರಿಯಾಗೇ ಇದೆ, ನೀರು ಬರುವ ದಾರಿಯೇ ಇಲ್ಲ.

ನಲ್ ಬಗ್ಗೆ ಕಂಪೈಲರ್ ಯಾಕೆ ಎಚ್ಚರಿಸಲಿಲ್ಲ ಅಂತ ನನಗೆ ಬಹಳ ಹೊತ್ತು ಕೊರೆಯುತ್ತಿತ್ತು. ನಲ್ ಆಗಬಹುದಾದ ಕಡೆ ಎಚ್ಚರಿಸುವ ನಲ್ಲಬಲ್ ಆಯ್ಕೆ ಪ್ರಾಜೆಕ್ಟ್‌ನಲ್ಲಿ ಆನ್ ಇತ್ತು. ಡಾಟ್‌ನೆಟ್ 6ರಿಂದ ಹೊಸ ಪ್ರಾಜೆಕ್ಟ್‌ಗಳಲ್ಲಿ ಅದು ತಾನೇ ಆನ್ ಇರುತ್ತದೆ. ಫ್ರೇಮ್‌ವರ್ಕ್‌ನ ಮೂಲ ಕೋಡ್ ತೆರೆದು ನೋಡಿದಾಗ ಉತ್ತರ ಸಿಕ್ಕಿತು. ನಮ್ಮ ಕಂಟ್ರೋಲರ್‌ಗಳ ಮೂಲ ಕ್ಲಾಸ್ ಆದ ಕಂಟ್ರೋಲರ್ ಬೇಸ್‌ನಲ್ಲಿ ಯೂಸರ್ ಅನ್ನುವುದು, ಎಚ್‌ಟಿಟಿಪಿ ಕಾಂಟೆಕ್ಸ್ಟ್ ಇದ್ದರೆ ಅದರ ಯೂಸರ್ ಕೊಡುತ್ತದೆ, ಇಲ್ಲದಿದ್ದರೆ ನಲ್. ಆದರೆ ಕೊನೆಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇದೆ. ಇದು ನಲ್ ಅಲ್ಲ, ನನ್ನನ್ನು ನಂಬು ಅಂತ ಕಂಪೈಲರ್‌ಗೆ ಕೊಟ್ಟ ಮಾತು ಅದು. ಕೋರಿಕೆಯ ಮೂಲಕ ಬಂದರೆ ಆ ಮಾತು ನಿಜ. ನ್ಯೂ ಹಾಕಿ ಬಂದರೆ ಸುಳ್ಳು. ಕಂಪೈಲರ್ ಆ ಮಾತನ್ನು ನಂಬಿ ಸುಮ್ಮನಿತ್ತು.

ಹಳೆಯ ವೆಬ್ ಎಪಿಐ 2 ಇನ್ನೂ ಓಡಿಸುತ್ತಿರುವವರಿಗೆ ಒಂದು ಮಾತು. ಅಲ್ಲೂ ಇದೇ ಕಥೆ, ರಿಕ್ವೆಸ್ಟ್ ನಲ್ ಆಗಿರುತ್ತದೆ. ಅದರ ಹೆಡರ್ಸ್ ಮುಟ್ಟಿದರೆ ನಲ್ ರೆಫರೆನ್ಸ್ ಬರುತ್ತದೆ. ಅದರ ಮೇಲೆ ಕ್ರಿಯೇಟ್ ರೆಸ್ಪಾನ್ಸ್ ಕರೆದರೆ ಆರ್ಗ್ಯುಮೆಂಟ್ ನಲ್ ಬರುತ್ತದೆ, ಯಾಕಂದ್ರೆ ಅದು ಎಕ್ಸ್‌ಟೆನ್ಷನ್ ಮೆಥಡ್, ಚುಕ್ಕೆಯ ಎಡಗಡೆಯದ್ದನ್ನು ಆರ್ಗ್ಯುಮೆಂಟ್ ಆಗಿ ತಗೊಳ್ಳುವಂಥದ್ದು. ಹೆಸರು ಬೇರೆ ಅಂತ ಬೇರೆ ಕಡೆ ಹುಡುಕಬೇಡಿ, ಬೇರು ಒಂದೇ.

ರಾತ್ರಿ ಇನ್ನೂ ಒಂದು ವಿಷಯ ಕಣ್ಣಿಗೆ ಬಿತ್ತು. ನಲ್‌ಗಿಂತ ಇದು ಜಾಸ್ತಿ ಚಿಂತೆಯದು. ಆ ಹದಿನಾಲ್ಕು ಬಿಲ್ಲುಗಳಲ್ಲಿ ಮೂರಕ್ಕೆ ತೇವಾಂಶ ಸೊನ್ನೆ ಅಂತ ಇತ್ತು. ಕಟಿಂಗ್ ಮಷಿನ್‌ನಿಂದ ನೇರವಾಗಿ ಬಂದ ಭತ್ತಕ್ಕೆ ತೇವಾಂಶ ಸೊನ್ನೆ ಇರುತ್ತದಾ? ಸರ್ಕಾರದ ಖರೀದಿಯಲ್ಲೇ 17 ಶೇಕಡಾದವರೆಗೆ ಒಪ್ಪುತ್ತಾರೆ. ತೇವಾಂಶ ಇಷ್ಟರಿಂದ ಇಷ್ಟರೊಳಗೆ ಇರಬೇಕು ಅಂತ ಬಿಲ್‌ನ ಕ್ಲಾಸ್ ಮೇಲೆ ನಿಯಮ ಬರೆದಿದ್ದೆ. ಗುಮಾಸ್ತರ ಪರದೆಯಿಂದ ಸೊನ್ನೆ ಕಳಿಸಿದರೆ ಸರ್ವರ್ 400 (ಕೋರಿಕೆ ತಪ್ಪಾಗಿದೆ) ಕೊಟ್ಟು ವಾಪಸ್ ಕಳಿಸುತ್ತದೆ. ನೇರವಾಗಿ ಕರೆದಾಗ ಆ ತಪಾಸಣೆಯೇ ಓಡುವುದಿಲ್ಲ. ಕೈಯಲ್ಲಿ ಮಾಡಿದ ಕಂಟ್ರೋಲರ್‌ನಲ್ಲಿ, ತಪಾಸಣೆಯ ಫಲಿತಾಂಶ ಇಡುವ ಮಾಡೆಲ್ ಸ್ಟೇಟ್ ಖಾಲಿ ಇರುತ್ತದೆ, ಖಾಲಿ ಇದ್ದರೆ ಅದು ಸರಿ ಅಂತಲೇ ಉತ್ತರ ಕೊಡುತ್ತದೆ.

ಅನುಮತಿಯದ್ದೂ ಹಾಗೇ. ಬಿಲ್ ಮೆಥಡ್ ಮೇಲೆ ಆಥರೈಸ್ ಹಾಕಿ, ಬಿಲ್ ಮಾಡುವ ಹಕ್ಕು ಇದ್ದವರಿಗೆ ಮಾತ್ರ ಅಂತ ಬರೆದಿದ್ದೆ. ಕಾಟಾ ರೂಮಿನ ಲಾಗಿನ್‌ಗೆ ಆ ಹಕ್ಕು ಇಲ್ಲ. ಆದರೂ ಹದಿನಾಲ್ಕು ಬಿಲ್ ಆದವು. ಆಥರೈಸ್ ಅನ್ನುವುದು ಮೆಥಡ್ ನೆತ್ತಿಯ ಮೇಲಿನ ಬೋರ್ಡ್ ಅಷ್ಟೇ, ಅದನ್ನು ಓದಿ ತಡೆಯುವವನು ದಾರಿಯಲ್ಲಿ ಮೊದಲೇ ನಿಂತಿರುತ್ತಾನೆ. ಸಿ ಶಾರ್ಪ್‌ನ ಸಾಮಾನ್ಯ ಕರೆ ಆ ದಾರಿಯಲ್ಲಿ ಬರುವುದೇ ಇಲ್ಲ.

ಶುಕ್ರವಾರ

ಮೂರು ದಾರಿ ಹಿಡಿದು ನೋಡಿದೆ. ಮೂರೂ ಬಿಟ್ಟೆ.

ಮೊದಲನೆಯದು, ನ್ಯೂ ಬಿಟ್ಟು ಬಿಲ್ ಕಂಟ್ರೋಲರ್ ಅನ್ನು ತೂಕದ ಕಂಟ್ರೋಲರ್‌ನ ಕನ್‌ಸ್ಟ್ರಕ್ಟರ್‌ನಲ್ಲಿ (ವಸ್ತು ಹುಟ್ಟುವಾಗ ಓಡುವ ಕೋಡ್‌ನಲ್ಲಿ) ಕೇಳೋಣ, ಫ್ರೇಮ್‌ವರ್ಕೇ ಮಾಡಿಕೊಟ್ಟರೆ ಎಲ್ಲ ತುಂಬಿಕೊಂಡು ಬರಬಹುದು ಅಂತ. ಓಡಿಸಿದ ಕೂಡಲೇ ಈ ಸರ್ವೀಸ್ ಗೊತ್ತಿಲ್ಲ ಅಂತ ಬಿತ್ತು. ಕೋರ್‌ನಲ್ಲಿ ಕಂಟ್ರೋಲರ್‌ಗಳನ್ನು, ಕೇಳಿದ ವಸ್ತು ಮಾಡಿಕೊಡುವ ಡಿಐ ಕಂಟೇನರ್‌ನಲ್ಲಿ ತಾನಾಗಿ ನೋಂದಾಯಿಸಿರುವುದಿಲ್ಲ. ಪ್ರೋಗ್ರಾಂ ಫೈಲ್‌ನಲ್ಲಿ ಆ್ಯಡ್ ಕಂಟ್ರೋಲರ್ಸ್ ಆ್ಯಸ್ ಸರ್ವೀಸಸ್ ಅಂತ ಸೇರಿಸಿದರೆ ಸಿಗುತ್ತವೆ. ಸೇರಿಸಿದೆ. ವಸ್ತು ಸಿಕ್ಕಿತು, ಯೂಸರ್ ಮತ್ತೆ ನಲ್. ಕೋರಿಕೆ ಯಾವ ಕಂಟ್ರೋಲರ್‌ಗೆ ಬಂತೋ ಅದಕ್ಕೆ ಮಾತ್ರ ಕಾಂಟೆಕ್ಸ್ಟ್ ಕಟ್ಟುತ್ತಾರೆ, ಪಕ್ಕದಲ್ಲಿ ಹುಟ್ಟಿದ್ದಕ್ಕೆ ಕಟ್ಟುವುದಿಲ್ಲ.

ಎರಡನೆಯದು, ನಾನೇ ಕಟ್ಟಿದೆ. ತೂಕದ ಕಂಟ್ರೋಲರ್‌ನ ಕಾಂಟೆಕ್ಸ್ಟ್ ಅನ್ನು ಬಿಲ್ ಕಂಟ್ರೋಲರ್‌ಗೆ ಒಂದು ಸಾಲಿನಲ್ಲಿ ಕೊಟ್ಟೆ. ಯೂಸರ್ ಬಂತು! 88 ದಾಟಿತು. ಐದು ನಿಮಿಷ ಖುಷಿ ಆಯಿತು. ಆಮೇಲೆ ಇನ್ನೊಂದು ನಲ್, ಈ ಸಲ ತೂಕದ ಕಂಟ್ರೋಲರ್‌ನಲ್ಲೇ, ಬಿಲ್ ನಂಬರನ್ನು ಚೀಟಿ ಮೇಲೆ ಹೊಡೆಯುವ ಸಾಲಿನಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಬಹಳ ಜನ ಇಲ್ಲಿ ಎಡವುತ್ತಾರೆ. ಬಿಲ್ ಮಾಡುವ ಮೆಥಡ್ ಕೊಡುವುದು ಆ್ಯಕ್ಷನ್ ರಿಸಲ್ಟ್ ಅನ್ನುವ ಡಬ್ಬಿ, ಒಳಗೆ ಬಿಲ್. ಆ ಡಬ್ಬಿಗೆ ಎರಡು ಖಾನೆ, ಒಂದು ವ್ಯಾಲ್ಯೂ, ಇನ್ನೊಂದು ರಿಸಲ್ಟ್. ಮೆಥಡ್‌ನಲ್ಲಿ ಬಿಲ್ ಅನ್ನೇ ನೇರವಾಗಿ ರಿಟರ್ನ್ ಮಾಡಿದರೆ ಅದು ವ್ಯಾಲ್ಯೂ ಖಾನೆಗೆ ಹೋಗುತ್ತದೆ. ಓಕೆ ಅಂತ ಸುತ್ತಿ ರಿಟರ್ನ್ ಮಾಡಿದರೆ ರಿಸಲ್ಟ್ ಖಾನೆಗೆ ಹೋಗುತ್ತದೆ, ವ್ಯಾಲ್ಯೂ ನಲ್ ಆಗೇ ಉಳಿಯುತ್ತದೆ. ನಾನು ಓಕೆ ಅಂತ ಸುತ್ತಿದ್ದೆ, ವ್ಯಾಲ್ಯೂ ಕೇಳಿದೆ. ಬ್ರೌಸರ್‌ನಿಂದ ಬಂದಾಗ ಫ್ರೇಮ್‌ವರ್ಕ್ ಎರಡೂ ಖಾನೆ ನೋಡಿ ಸರಿಯಾದ್ದನ್ನು ಕಳಿಸುತ್ತದೆ, ಹಾಗಾಗಿ ಈ ವ್ಯತ್ಯಾಸ ಯಾವತ್ತೂ ಕಾಣಿಸುವುದಿಲ್ಲ. ಕೋಡ್‌ನಿಂದ ಕೋಡ್‌ಗೆ ಕರೆದಾಗ ಮಾತ್ರ ಎದುರಿಗೆ ಬರುತ್ತದೆ. ರಿಸಲ್ಟ್ ಅನ್ನು ಓಕೆ ಆಬ್ಜೆಕ್ಟ್ ರಿಸಲ್ಟ್ ಅಂತ ಬದಲಿಸಿಕೊಂಡು ಒಳಗಿನದ್ದನ್ನು ತೆಗೆಯಬಹುದು. ಆದರೆ ಮೆಥಡ್ ಯಾವತ್ತಾದರೂ ನಾಟ್ ಫೌಂಡ್ ಕೊಟ್ಟರೆ ಆ ಬದಲಾವಣೆಯೇ ನಲ್ ಆಗುತ್ತದೆ. ಒಂದು ನಲ್ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು.

ಕಾಂಟೆಕ್ಸ್ಟ್ ಹಂಚಿಕೊಂಡದ್ದರಲ್ಲಿ ಇನ್ನೊಂದು ತೊಂದರೆ ಇತ್ತು. ಈಗ ಎರಡು ಕಂಟ್ರೋಲರ್‌ಗೂ ಒಂದೇ ರೆಸ್ಪಾನ್ಸ್, ಒಂದೇ ಮಾಡೆಲ್ ಸ್ಟೇಟ್. ಬಿಲ್ ಕಂಟ್ರೋಲರ್ ಹಾಕುವ ಹೆಡರ್ ಕಾಟಾ ಪರದೆಗೆ ಹೋಯಿತು. ತಪಾಸಣೆ ಆಗಿದ್ದು ತೂಕದ ಡೇಟಾಗೆ, ಬಿಲ್‌ಗೆ ಅಲ್ಲ. ತೇವಾಂಶ ಸೊನ್ನೆ ಇನ್ನೂ ಪಾಸಾಗುತ್ತಿತ್ತು.

ಮೂರನೆಯದು ಬಳ್ಳಾರಿಯ ಗೆಳೆಯ ಫೋನಿನಲ್ಲಿ ಹೇಳಿದ್ದು. "ಮುಂದಿನ ಬಾಗಲಿಂದನ ಹೋಗೋ, ಎಚ್‌ಟಿಟಿಪಿ ಕ್ಲೈಂಟ್ ಹಚ್ಚಿ ನಿನ್ನ ಎಪಿಐನ ನೀನ ಕರಿ." ತಪಾಸಣೆ, ಅನುಮತಿ ಎಲ್ಲ ಓಡುತ್ತದೆ, ನಿಜ. ಮಾಡಿದೆ. ಮೊದಲು 401. ಒಳಗಿನಿಂದ ಹೋಗುವ ಕರೆಗೆ ಲಾಗಿನ್ ಟೋಕನ್ ತಾನಾಗಿ ಹೋಗುವುದಿಲ್ಲ, ಹೆಡರ್‌ನಲ್ಲಿ ಕೈಯಾರೆ ಸೇರಿಸಬೇಕು. ಸೇರಿಸಿದ ಮೇಲೆ 403, ಕಾಟಾ ಲಾಗಿನ್‌ಗೆ ಹಕ್ಕು ಇಲ್ಲವಲ್ಲ. ಪರೀಕ್ಷೆಗೆ ಅಂತ ಗುಮಾಸ್ತರ ಲಾಗಿನ್ ಬಳಸಿದೆ, 200 ಬಂತು. ಚೀಟಿ ಹೊಡೆಯಿತು. ರೈತನ ಹೆಸರಿನ ಜಾಗ ಖಾಲಿ, ಮೊತ್ತ ಸೊನ್ನೆ. ದೋಷ ಎಲ್ಲೂ ಇಲ್ಲ!

ಇದರ ಕಾರಣ ಅಕ್ಷರದ್ದು. ವೆಬ್ ಎಪಿಐ ಜೇಸನ್ ಕೊಡುವಾಗ ಪ್ರಾಪರ್ಟಿ ಹೆಸರಿನ ಮೊದಲಕ್ಷರವನ್ನು ಸಣ್ಣ ಅಕ್ಷರ ಮಾಡುತ್ತದೆ. ನನ್ನ ಕ್ಲಾಸ್‌ನಲ್ಲಿ ಅದು ದೊಡ್ಡ ಅಕ್ಷರ. ಜೇಸನ್ ಸೀರಿಯಲೈಸರ್‌ನ ಡಿಸೀರಿಯಲೈಸ್ ಅನ್ನು ಯಾವ ಆಯ್ಕೆಯೂ ಕೊಡದೆ ನೇರವಾಗಿ ಕರೆದರೆ ಅದು ದೊಡ್ಡ ಸಣ್ಣ ಅಕ್ಷರ ಬೇರೆ ಬೇರೆ ಅಂತ ನೋಡುತ್ತದೆ. ಹೊಂದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಹೆಸರು ನಲ್, ಮೊತ್ತ ಸೊನ್ನೆ. ರೀಡ್ ಫ್ರಂ ಜೇಸನ್ ಏಸಿಂಕ್ ಬಳಸಿದರೆ ವೆಬ್‌ಗೆ ತಕ್ಕ ಆಯ್ಕೆಗಳು ಅದರಲ್ಲೇ ಇರುತ್ತವೆ, ಸರಿಯಾಗಿ ತುಂಬುತ್ತದೆ. ಬದಲಿಸಿದೆ, ತುಂಬಿತು.

ಆದರೂ ಈ ದಾರಿ ಬಿಟ್ಟೆ. ನಿಜವಾದ ಕಾರಣ ಹಣದ್ದು. ತೂಕ ಒಂದು ಕೋರಿಕೆಯಲ್ಲಿ ಉಳಿಯುತ್ತದೆ, ಬಿಲ್ ಇನ್ನೊಂದರಲ್ಲಿ. ನಡುವೆ ಏನಾದರೂ ಬಿದ್ದರೆ ತೂಕ ಇದೆ, ಬಿಲ್ ಇಲ್ಲ. ಬುಧವಾರ ಸಂಜೆ ಕಾಟಾ ಹುಡುಗ ಕೆಂಪು ಬಂದಾಗಲೆಲ್ಲ ಮತ್ತೆ ಒತ್ತಿದ್ದ, ಒಂದೇ ಗಾಡಿಗೆ ಖಾಲಿ ತೂಕ ಎರಡೆರಡು ಸಲ ಉಳಿದಿತ್ತು. ಒಂದೇ ಮಿಲ್ಲಿನ, ಒಂದೇ ಸರ್ವರ್‌ನ, ಒಂದೇ ಡೇಟಾಬೇಸ್‌ನ ಕೆಲಸಕ್ಕೆ ಊರು ಸುತ್ತಿ ಬರುವುದು ಬೇಕಿಲ್ಲ.

ಶನಿವಾರ

ಬಿಲ್ ಮಾಡುವ ಕೆಲಸವನ್ನು ಕಂಟ್ರೋಲರ್‌ನಿಂದಲೇ ಹೊರಗೆ ತೆಗೆದೆ. ಬಿಲ್ ಸರ್ವೀಸ್ ಅಂತ ಒಂದು ಸಾದಾ ಕ್ಲಾಸ್. ಅದು ಕಂಟ್ರೋಲರ್ ಬೇಸ್‌ನಿಂದ ಬಂದದ್ದಲ್ಲ. ಅದಕ್ಕೆ ಯೂಸರ್ ಗೊತ್ತಿಲ್ಲ, ರಿಕ್ವೆಸ್ಟ್ ಗೊತ್ತಿಲ್ಲ, ಆ್ಯಕ್ಷನ್ ರಿಸಲ್ಟ್ ಗೊತ್ತಿಲ್ಲ. ಅದಕ್ಕೆ ಬೇಕಾದ್ದು ನಾಲ್ಕೇ: ತೂಕದ ಚೀಟಿ, ತೇವಾಂಶ, ಗೋದಾಮಿನ ನಂಬರ್, ಮಾಡಿದವರ ಹೆಸರು. ನಾಲ್ಕನ್ನೂ ಕರೆಯುವವರೇ ಕೈಗೆ ಕೊಡಬೇಕು. ವಾಪಸ್ ಬರುವುದು ಬಿಲ್ ವಸ್ತು, ಡಬ್ಬಿ ಇಲ್ಲ.

ಲಾಗಿನ್‌ನಿಂದ ಗೋದಾಮಿನ ನಂಬರ್ ಓದುವ ಕೆಲಸ ಕಂಟ್ರೋಲರ್‌ನಲ್ಲೇ ಉಳಿಯಿತು, ಯಾಕಂದ್ರೆ ಲಾಗಿನ್ ಇರೋದು ಅಲ್ಲೇ. ಓದಲು ಆಗದಿದ್ದರೆ ಅಲ್ಲೇ ನಿಲ್ಲಿಸಿ, ಈ ಲಾಗಿನ್‌ಗೆ ಗೋದಾಮು ಕೊಟ್ಟಿಲ್ಲ ಅಂತ ಪರದೆಗೆ ಕನ್ನಡದಲ್ಲೇ ಬರುವ ಹಾಗೆ ಮಾಡಿದೆ. ಸರ್ವೀಸ್‌ನ ಬಾಗಿಲಲ್ಲೂ ಒಂದು ಕಾವಲು: ಚೀಟಿ ನಲ್ ಇದ್ದರೆ ಥ್ರೋ ಇಫ್ ನಲ್, ಹೆಸರು ಖಾಲಿ ಇದ್ದರೆ ನಿಲ್ಲು, ಗೋದಾಮು ಒಂದಕ್ಕಿಂತ ಕಡಿಮೆ ಇದ್ದರೆ ನಿಲ್ಲು, ತೇವಾಂಶ ಮಿತಿ ದಾಟಿದರೆ ನಿಲ್ಲು. ತೇವಾಂಶದ ನಿಯಮ ಈಗ ಯಾವ ಬಾಗಿಲಿಂದ ಬಂದರೂ ಓಡುತ್ತದೆ. ಕಾಟಾ ಪರದೆಯಲ್ಲಿ ತೇವಾಂಶದ ಖಾನೆಯನ್ನೂ ಸೇರಿಸಿದೆ, ಮೀಟರ್ ನೋಡಿ ತುಂಬದೆ ಖಾಲಿ ತೂಕ ಮುಂದೆ ಹೋಗುವುದಿಲ್ಲ. ಕಾಟಾದಿಂದ ಬಿಲ್ ಆಗಬಹುದೇ ಅಂತ ಸಾಹುಕಾರರನ್ನು ನೇರವಾಗಿ ಕೇಳಿದೆ. ಹೂಂ ಅಂದ ಮೇಲೆ ಆ ಲಾಗಿನ್‌ಗೆ ಖಾಲಿ ತೂಕದ ಜೊತೆಯ ಬಿಲ್‌ಗೆ ಮಾತ್ರ ಹಕ್ಕು ಕೊಟ್ಟೆ.

ಪ್ರೋಗ್ರಾಂ ಫೈಲ್‌ನಲ್ಲಿ ಸರ್ವೀಸ್ ಅನ್ನು ಆ್ಯಡ್ ಸ್ಕೋಪ್ಡ್ ಅಂತ ಸೇರಿಸಿದೆ. ಒಂದು ಕೋರಿಕೆಗೆ ಒಂದು ವಸ್ತು. ಡೇಟಾಬೇಸ್ ಕಾಂಟೆಕ್ಸ್ಟ್ ಕೂಡ ಸ್ಕೋಪ್ಡ್ ಆಗಿರುವುದರಿಂದ ತೂಕದ ಕಂಟ್ರೋಲರ್ ಮತ್ತು ಬಿಲ್ ಸರ್ವೀಸ್ ಎರಡರ ಕೈಯಲ್ಲೂ ಅದೇ ಒಂದು ಇರುತ್ತದೆ. ತೂಕ ಸೇರಿಸಿ, ಬಿಲ್ ಸೇರಿಸಿ, ಕೊನೆಗೆ ಒಂದೇ ಸಲ ಸೇವ್ ಚೇಂಜಸ್ ಕರೆಯುತ್ತೇನೆ. ಡೇಟಾಬೇಸ್ ಕೆಲಸ ನೋಡುವ ಲೈಬ್ರರಿ ಇಎಫ್ ಕೋರ್ ಆ ಒಂದು ಕರೆಯನ್ನು ತಾನೇ ಒಂದು ಟ್ರಾನ್ಸಾಕ್ಷನ್ ಮಾಡುತ್ತದೆ. ಆಯಿತೆಂದರೆ ಎರಡೂ ಆಗುತ್ತದೆ, ಇಲ್ಲದಿದ್ದರೆ ಎರಡೂ ಇಲ್ಲ.

ಡೇಟಾಬೇಸ್‌ಗೂ ಕೆಲಸ ಕೊಟ್ಟೆ. ಗೋದಾಮಿನ ಕಾಲಂಗೆ, ಪಟ್ಟಿಯಲ್ಲಿ ಇರುವ ಗೋದಾಮನ್ನು ಮಾತ್ರ ಒಪ್ಪುವ ಫಾರಿನ್ ಕೀ ಹಾಕಿದೆ, ಹೆಸರಿನ ಕಾಲಂ ಖಾಲಿ ಬಿಡಲು ಆಗದ ಹಾಗೆ ಮಾಡಿದೆ. ಫಾರಿನ್ ಕೀ ಬುಧವಾರವೇ ಇದ್ದಿದ್ದರೆ ಆ ಸೊನ್ನೆ ಒಳಗೆ ಬರುತ್ತಲೇ ಇರಲಿಲ್ಲ. ಅದನ್ನು ಹಾಕುವ ಮುಂಚೆ ಹದಿನಾಲ್ಕು ಬಿಲ್ ಸರಿ ಮಾಡಬೇಕಿತ್ತು. ತೂಕದ ಚೀಟಿಯಲ್ಲಿ ಗೋದಾಮು, ಆಪರೇಟರ್ ಹೆಸರು ಎರಡೂ ಇದ್ದವು, ಅಲ್ಲಿಂದ ಬಿಲ್‌ಗೆ ತುಂಬಿದೆ. ತೇವಾಂಶ ಸೊನ್ನೆ ಇದ್ದ ಮೂರಕ್ಕೆ ಗುಮಾಸ್ತರ ಕಚ್ಚಾ ಪುಸ್ತಕವೇ ಆಧಾರ. ಒಂದೊಂದೇ ಬಿಲ್ ಅನ್ನು ಪುಸ್ತಕದ ಜೊತೆ ಕೂತು ಹೋಲಿಸಿದೆವು. ಅವರು ಓದುತ್ತಿದ್ದರು, ನಾನು ಪರದೆ ನೋಡುತ್ತಿದ್ದೆ. ಹದಿನಾಲ್ಕೂ ಹೊಂದಿದವು.

ರಾತ್ರಿ ಒಂಬತ್ತಕ್ಕೆ ಸಾಹುಕಾರರಿಗೆ ದಿನದ ಮೊತ್ತ ಕಳಿಸುವ ಒಂದು ಹಿನ್ನೆಲೆ ಕೆಲಸವೂ ಇದೆ. ಅಲ್ಲಿ ಕೋರಿಕೆಯೇ ಇಲ್ಲ, ಹಾಗಾಗಿ ಎಚ್‌ಟಿಟಿಪಿ ಕಾಂಟೆಕ್ಸ್ಟ್ ಆ್ಯಕ್ಸೆಸರ್ ಹಿಡಿದು ಹೋದರೂ ನಲ್ ಸಿಗುತ್ತದೆ. ಹೊಸ ಸರ್ವೀಸ್ ಅಲ್ಲೂ ಹಾಗೇ ಓಡುತ್ತದೆ. ಸ್ಕೋಪ್ ಅನ್ನು ಮಾತ್ರ ನಾವೇ ತೆರೆದು ಮುಚ್ಚಬೇಕು.

ಕೊನೆಗೆ ಒಂದು ಟೆಸ್ಟ್ ಬರೆದೆ. ಸರ್ವೀಸ್ ಸಾದಾ ಕ್ಲಾಸ್ ಆದ ಮೇಲೆ ಅದಕ್ಕೆ ಧೈರ್ಯವಾಗಿ ನ್ಯೂ ಹಾಕಬಹುದು. ಟೆಸ್ಟ್‌ನ ಅಂಕಿಗಳು ಆ ಹಿರಿಯರ ಚೀಟಿಯವೇ: ಲೋಡ್ 11,260, ಖಾಲಿ 4,420, ಬರಬೇಕಾದ್ದು 91 ಚೀಲ 15 ಕಿಲೋ. ಗೋದಾಮು ಸೊನ್ನೆ ಕೊಟ್ಟರೆ ಬೀಳಬೇಕು ಅಂತ ಇನ್ನೊಂದು.

ಭಾನುವಾರ

ಸುಗ್ಗಿಯಲ್ಲಿ ಮಿಲ್ಲಿಗೆ ಭಾನುವಾರ ಅಂತ ಇಲ್ಲ. ಬೆಳಿಗ್ಗೆ ಏಳೂವರೆಗೆ ಕಾಟಾ ರೂಮಿನಲ್ಲೇ ನಿಂತೆ. ಮೊದಲ ಟ್ರ್ಯಾಕ್ಟರ್ ಖಾಲಿಯಾಗಿ ಹತ್ತಿತು. ಹುಡುಗ ತೇವಾಂಶ ತುಂಬಿ ಬಟನ್ ಒತ್ತಿದ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರ್ ಅಂತ ಶುರುವಾಯಿತು. ಚೀಟಿ ಹರಿದು ನೋಡಿದೆ. ಬಿಲ್ ನಂಬರ್ ಇದೆ, ಗೋದಾಮು ಒಂದು, ಹುಡುಗನ ಹೆಸರು, ತೇವಾಂಶ 16.2, ಚೀಲ, ಕಿಲೋ, ರೂಪಾಯಿ. ಆ ಕಡೆ ಗುಮಾಸ್ತರು ಕಿಟಕಿಯಿಂದಲೇ ಕೂಗಿದರು, "ಬಂತ್ ನೋಡ್ರಿ, ನನ್ನ ಪಟ್ಟಿಯಾಗೂ ಬಂತು." ಕಚ್ಚಾ ಪುಸ್ತಕ ಇನ್ನೂ ತೆರೆದೇ ಇತ್ತು. ಈ ವಾರ ಪೂರ್ತಿ ಅದರಲ್ಲೂ ಬರೆಯುತ್ತೇನೆ ಅಂದರು. ನಾನೇ ಬೇಕಂತ ಹೇಳಿದೆ.

ಮಧ್ಯಾಹ್ನ ಇಡೀ ಪ್ರಾಜೆಕ್ಟ್‌ನಲ್ಲಿ ನ್ಯೂ ಹಾಕಿ ಕಂಟ್ರೋಲರ್ ಮಾಡಿದ ಕಡೆಗಳನ್ನು ಹುಡುಕಿದೆ. ಇನ್ನೂ ಎರಡು ಸಿಕ್ಕವು. ಒಂದು ತೌಡು ಮಾರಾಟದ್ದು, ಅದನ್ನು ಅಲ್ಲೇ ಸರಿ ಮಾಡಿದೆ. ಇನ್ನೊಂದು ನುಚ್ಚಕ್ಕಿಯ ಗೇಟ್ ಪಾಸ್. ಅದು ಯೂಸರ್ ಮುಟ್ಟದ ಕಾರಣ ಇಲ್ಲಿಯವರೆಗೆ ಬಿದ್ದಿಲ್ಲ, ಅನುಮತಿ ತಪಾಸಣೆ ಮಾತ್ರ ಅಲ್ಲೂ ಓಡುತ್ತಿಲ್ಲ. ನಾಳೆ ಬೆಳಿಗ್ಗೆ ಗೇಟ್ ತೆರೆಯುವ ಮುಂಚೆ ಅದನ್ನು ಬದಲಿಸುತ್ತೇನೆ.